ಫೋನಿನ ಆಚೆ ನರ್ಸ್, ಈಚೆ ಗಾಯ: ಶುಗರ್ ಇರುವವರ ಆಪರೇಷನ್ ಗಾಯವನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ರಾತ್ರಿ ಹತ್ತೂವರೆಗೆ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಜೊತೆಗೆ ಒಂದೇ ಸಾಲು: "ಸಿಸ್ಟರ್, ಕೀವು ಆಗಿದೆ, ಏನ್ ಮಾಡೋದು?" ಫೋಟೋ ಪೂರ್ತಿ ಹಳದಿ. ಗಾಯ ಹಳದಿ, ಕಾಲು ಹಳದಿ, ಹಾಸಿಗೆಯೂ ಹಳದಿ. ವಿಡಿಯೋ ಕಾಲ್ ಮಾಡಿ ಟ್ಯೂಬ್‌ಲೈಟ್ ಹಾಕಿಸಿದೆ. ಕೀವು ಇರಲಿಲ್ಲ. ಹಳೇ ಬಲ್ಬಿನ ಬೆಳಕು, ಅದರ ಮೇಲೆ ಒಣಗಿದ ಬೆಟಾಡಿನ್ ಕಲೆ, ಅಷ್ಟೇ.

ಅದೇ ವಾರ ಇನ್ನೊಂದು ಮನೆಯಿಂದ ದಿನವೂ "ಚೆನ್ನಾಗಿದೆ ಸಿಸ್ಟರ್" ಅಂತ ಮೆಸೇಜ್ ಬರುತ್ತಿತ್ತು. ಫೋಟೋಗಳೂ ಚೆನ್ನಾಗೇ ಇದ್ದವು. ಐದನೇ ದಿನ ಬೇರೇನೋ ಮಾತಾಡುವಾಗ ಸೊಸೆ ಹೇಳಿದರು, "ಅತ್ತೆ ರೂಮಿಗೆ ಹೋದರೆ ಏನೋ ಒಂಥರಾ ವಾಸನೆ. ಬೆಡ್‌ಶೀಟ್ ಒಗೀಬೇಕು ಅಂದ್ಕೊಂಡೆ." ಅವತ್ತೇ ಆಸ್ಪತ್ರೆಗೆ ಕರೆಸಿದೆವು. ಎರಡು ಹೊಲಿಗೆ ಬಿಚ್ಚಿ ಒಳಗಿನ ಕೀವು ತೆಗೆಯಬೇಕಾಯಿತು.

ನಾನು ಸರ್ಜರಿ ವಾರ್ಡಿನ ನರ್ಸ್. ಈಗ ಅರ್ಧ ದಿನ ವಾರ್ಡು, ಅರ್ಧ ದಿನ ಫೋನು. ಆಪರೇಷನ್ ಆಗಿ ಊರಿಗೆ ಹೋದವರನ್ನು ಫೋನಿನಲ್ಲೇ ನೋಡಿಕೊಳ್ಳುವ ಕೆಲಸ. ಫೋನಿನಲ್ಲಿ ನನಗೆ ಮೂಗಿಲ್ಲ, ಕೈಯಿಲ್ಲ, ಕಣ್ಣೂ ಅರ್ಧವೇ. ಉಳಿದದ್ದನ್ನು ಮನೆಯವರು ತುಂಬಿಕೊಡಬೇಕು. ಅದು ಹೇಗೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಕಾಲ್ಬೆರಳು ತೆಗೆದಿದ್ದರೂ, ಹರ್ನಿಯಾ ಆಗಿದ್ದರೂ, ಸಿಸೇರಿಯನ್ ಆಗಿದ್ದರೂ, ಮಂಡಿ ಬದಲಾಯಿಸಿದ್ದರೂ ಹೆಚ್ಚುಕಡಿಮೆ ಇದೇ ಕ್ರಮ. ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ.

ಶುಗರ್ ಇದ್ದರೆ ಗಾಯ ಯಾಕೆ ಬೇರೆ?

ಮೂರು ಕಾರಣ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಎಷ್ಟೋ ವರ್ಷದ ಶುಗರ್ ಆಗಿದ್ದರೆ ಸಣ್ಣ ರಕ್ತನಾಳಗಳು ಕಿರಿದಾಗಿ ಗಾಯಕ್ಕೆ ರಕ್ತ ಸರಿಯಾಗಿ ಹೋಗಲ್ಲ. ಮೂರನೆಯದೇ ಮೋಸದ್ದು: ನರಗಳು ಜಡವಾಗಿ ನೋವೇ ಗೊತ್ತಾಗಲ್ಲ. ಬೇರೆಯವರು ನೋವಿಗೆ ಕೂಗಿಕೊಳ್ಳುವಂಥ ಗಾಯದಲ್ಲೂ ಇವರು "ಏನೂ ಇಲ್ಲಮ್ಮ, ಆರಾಮಾಗಿದ್ದೀನಿ" ಅಂತಾರೆ. ಕೆಲವರಿಗೆ ಸೋಂಕಾದರೂ ಜ್ವರ ಬರಲ್ಲ. ಆಗ ಮೊದಲ ಸುಳಿವು ಗ್ಲುಕೋಮೀಟರ್‌ನಲ್ಲಿ ಸಿಗುತ್ತದೆ. ಊಟ ಅದೇ, ಔಷಧಿ ಅದೇ, ಆದರೆ 150 ಇರುತ್ತಿದ್ದ ಶುಗರ್ ಇದ್ದಕ್ಕಿದ್ದಂತೆ 240 ಆಗಿದೆ ಅಂದರೆ ಮೊದಲು ಗಾಯ ನೋಡಿ.

ಆದ್ದರಿಂದ ಗಾಯ "ಹೇಗಿದೆ" ಅಂತ ಕೇಳುವುದಕ್ಕಿಂತ "ನಿನ್ನೆಗಿಂತ ಹೇಗಿದೆ" ಅಂತ ಕೇಳುವುದು ನನಗೆ ಮುಖ್ಯ. ಮುಂದೆ ಹೇಳುವುದೆಲ್ಲ ಆ ನಿನ್ನೆಯನ್ನು ಹಿಡಿದಿಟ್ಟುಕೊಳ್ಳುವ ಉಪಾಯ.

ಮೊದಲ ಹೆಜ್ಜೆ: ಡಿಸ್ಚಾರ್ಜ್ ದಿನ ಕೇಳಿಕೊಂಡೇ ಹೊರಡಿ

ಡಿಸ್ಚಾರ್ಜ್ ದಿನ ಎಲ್ಲರಿಗೂ ಅವಸರ. ಬಿಲ್ಲು, ಇನ್ಶೂರೆನ್ಸು, ಗಾಡಿ. ಕೊನೆಗೆ ನರ್ಸ್ ಹೇಳಿದ್ದು ಯಾರ ಕಿವಿಗೂ ಬಿದ್ದಿರಲ್ಲ. ಒಂದು ಹಾಳೆ ತಗೊಂಡು ಇಷ್ಟನ್ನು ಬರೆಸಿಕೊಳ್ಳಿ:

- ಹೊಲಿಗೆ ತಾನಾಗೇ ಕರಗುವುದಾ, ತೆಗೆಯಬೇಕಾ? ಪಿನ್ ಹಾಕಿದ್ದಾರಾ? ತೆಗೆಸುವ ತಾರೀಖು ಯಾವುದು? ಹೊಟ್ಟೆಯ ಹೊಲಿಗೆಗೆ ಸಾಮಾನ್ಯವಾಗಿ 10ರಿಂದ 14 ದಿನ. ಕಾಲು, ಪಾದಕ್ಕೆ 14ರಿಂದ 21 ದಿನ. ಶುಗರ್ ಇದ್ದರೆ ಇನ್ನೂ ಸ್ವಲ್ಪ ದಿನ ಬಿಡುವುದುಂಟು.
- ಡ್ರೆಸ್ಸಿಂಗ್ ಎಷ್ಟು ದಿನಕ್ಕೊಮ್ಮೆ? ಮೊದಲು ಬಿಚ್ಚುವುದು ಯಾವಾಗ? ಸ್ನಾನ ಯಾವಾಗಿಂದ?
- ಶುಗರ್ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಿದ್ದಾರೆ, ಯಾವಾಗ ಶುರು ಮಾಡಬೇಕು? ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನು ಆಪರೇಷನ್‌ಗೆ ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸಿರುತ್ತಾರೆ. ಮನೆಯಲ್ಲಿ ಹಳೇ ಡಬ್ಬಿ ಇದೆ ಅಂತ ನೀವೇ ಶುರು ಮಾಡಬೇಡಿ. ಊಟ ಸರಿಯಾಗಿ ಸೇರದಿರುವಾಗ ಈ ಮಾತ್ರೆ ತಗೊಂಡರೆ ಮೀಟರ್‌ನಲ್ಲಿ ಶುಗರ್ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯ ಆಗಬಹುದು.
- ಇನ್ಸುಲಿನ್ ಎಷ್ಟು ಯೂನಿಟ್, ಯಾವ ಹೊತ್ತು? ಊಟ ಮಾಡದಿದ್ದರೆ ಎಷ್ಟು?
- ಹಗಲು ಯಾರಿಗೆ ಫೋನ್ ಮಾಡಬೇಕು, ರಾತ್ರಿ ಯಾರಿಗೆ?

ಇನ್ನೊಂದು ಕೆಲಸವನ್ನು ಯಾರೂ ಮಾಡಲ್ಲ, ನೀವು ಮಾಡಿ. ಕೊನೆಯ ಡ್ರೆಸ್ಸಿಂಗ್ ಮಾಡುವಾಗ ಗಾಯದ ಫೋಟೋ ತೆಗೆದುಕೊಳ್ಳಿ. ಅದೇ ನಮ್ಮ ಮೊದಲ "ನಿನ್ನೆ". ಸಾಧ್ಯವಾದರೆ ಹಿಂದಿನ ದಿನ ನರ್ಸ್ ಮಾಡುವುದನ್ನು ನೋಡಿ, ಹೊರಡುವ ದಿನ ಅವರ ಮುಂದೆ ನೀವೇ ಒಮ್ಮೆ ಮಾಡಿ. ಮನೆಯಲ್ಲಿ ಕೈ ನಡುಗಲ್ಲ.

ಎರಡನೇ ಹೆಜ್ಜೆ: ಒಬ್ಬರೇ ಒಬ್ಬರು ಜವಾಬ್ದಾರಿ ತಗೊಳ್ಳಿ

ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ, ಅಪ್ಪ ಅಮ್ಮ ಊರಲ್ಲಿ. ಮೂವರೂ ನನಗೆ ಫೋನ್ ಮಾಡುತ್ತಾರೆ. ಮೂವರೂ ಬೇರೆ ಬೇರೆ ಹೇಳುತ್ತಾರೆ. ಮಗಳು "ಜ್ವರ ಇದೆಯಂತೆ" ಅಂದರೆ ಮಗ "ಇಲ್ವಲ್ಲ" ಅಂತಾರೆ. ಗಾಯವನ್ನು ಕಣ್ಣಾರೆ ನೋಡುವ ಒಬ್ಬರು ನನ್ನ ಹತ್ತಿರ ಮಾತಾಡಬೇಕು. ಉಳಿದವರು ಅವರಿಂದ ಕೇಳಿಕೊಳ್ಳಲಿ. ದೂರ ಇರುವ ಮಕ್ಕಳಿಗೂ ಕೆಲಸವಿದೆ: ದಿನದ ಶುಗರ್ ಬರೆದಿಡುವ ಪುಸ್ತಕದ ಫೋಟೋ ತರಿಸಿಕೊಂಡು ಲೆಕ್ಕ ಇಡಿ, ಶುಗರ್ ನೋಡುವ ಸ್ಟ್ರಿಪ್ ಮುಗಿಯುವ ಮುಂಚೆ ಆರ್ಡರ್ ಮಾಡಿ, ತೋರಿಸುವ ದಿನಕ್ಕೆ ಗಾಡಿ ಗೊತ್ತು ಮಾಡಿ.

ಗಾಯದ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅದು ಹತ್ತು ಜನರ ಫೋನಿಗೆ ಹೋಗಿ ಇಪ್ಪತ್ತು ಮನೆಮದ್ದು ವಾಪಸ್ ಬರುತ್ತದೆ. ಅಲ್ಲದೆ ಅದು ಅಮ್ಮನ ಮೈ. ಅವರನ್ನು ಕೇಳಿಯೇ ತೆಗೆಯಿರಿ, ಆಸ್ಪತ್ರೆ ಕೊಟ್ಟ ನಂಬರಿಗೆ ಮಾತ್ರ ಕಳಿಸಿ.

ಮೂರನೇ ಹೆಜ್ಜೆ: ಒಂದು ಡಬ್ಬ, ಒಂದು ಪುಸ್ತಕ

ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬವನ್ನು ತೊಳೆದು ಒಣಗಿಸಿ. ಅದರಲ್ಲಿ ಸ್ಟೆರೈಲ್ ಗಾಜ್ (ಕ್ರಿಮಿ ಇಲ್ಲದ ಬ್ಯಾಂಡೇಜ್ ಬಟ್ಟೆ) ಪ್ಯಾಕೆಟ್, ಮೈಕ್ರೋಪೋರ್ ಟೇಪ್, ಗ್ಲೌಸ್, 100 ಎಂಎಲ್ ನಾರ್ಮಲ್ ಸಲೈನ್ (ಗಾಯ ಒರೆಸುವ ಉಪ್ಪುನೀರು) ಬಾಟಲಿಗಳು, ಥರ್ಮಾಮೀಟರ್, ಗ್ಲುಕೋಮೀಟರ್, ಸ್ಟ್ರಿಪ್ ಮತ್ತು ಮಕ್ಕಳ ಆರು ಇಂಚಿನ ಸ್ಕೇಲ್ ಇರಲಿ. ಸಲೈನ್ ದೊಡ್ಡ ಬಾಟಲಿ ತಗೊಳ್ಳಬೇಡಿ. ಒಮ್ಮೆ ತೆರೆದದ್ದನ್ನು ಮಾರನೇ ದಿನಕ್ಕೆ ಇಡುವ ಹಾಗಿಲ್ಲ. ಚಿಕ್ಕ ಬಾಟಲಿಯಾದರೆ ಉಳಿದದ್ದನ್ನು ಚೆಲ್ಲಲು ಹೊಟ್ಟೆ ಉರಿಯಲ್ಲ. ಸೂಜಿಗಳಿಗೆ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಬೇರೆ ಇಡಿ.

ಪುಸ್ತಕ ಅಂದರೆ ಮಕ್ಕಳ ಹಳೇ ನೋಟ್‌ಬುಕ್ ಸಾಕು. ಬೆಳಿಗ್ಗೆ ನನಗೆ ಬರಬೇಕಾದ ಮೆಸೇಜ್ ಹೀಗಿರಬೇಕು:

"9ನೇ ದಿನ, ಬೆಳಿಗ್ಗೆ 7. ಖಾಲಿ ಹೊಟ್ಟೆ ಶುಗರ್ 148, ನಿನ್ನೆ 141. ಮೈ ಬಿಸಿ 98.4. ನೋವು ಹತ್ತಕ್ಕೆ ಮೂರು, ನಿನ್ನೆಯಷ್ಟೇ. ಡ್ರೆಸ್ಸಿಂಗ್ ಒಣಗಿದೆ. ವಾಸನೆ ಇಲ್ಲ. ರಾತ್ರಿ ಎರಡು ಚಪಾತಿ, ಬೇಳೆ, ಒಂದು ಮೊಟ್ಟೆ. ಇನ್ಸುಲಿನ್ 10 ಹಾಕಿದೆ. ಕಕ್ಕಸಿಗೆ ಹೋಗಿ ಎರಡು ದಿನ ಆಯ್ತು."

ಇದನ್ನು ಓದಲು ನನಗೆ ಅರ್ಧ ನಿಮಿಷ ಸಾಕು. ಆ ಕೊನೆಯ ಸಾಲನ್ನು ಹೇಳಲು ಎಲ್ಲರಿಗೂ ಸಂಕೋಚ. ಆದರೆ ಹೊಟ್ಟೆ ಆಪರೇಷನ್ ಆದವರು ಕಕ್ಕಸಿಗೆ ತಿಣುಕಿದರೆ ಹೊಲಿಗೆ ಮೇಲೆ ಭಾರ ಬೀಳುತ್ತದೆ. ನನಗೆ ಅದು ಗೊತ್ತಾಗಬೇಕು.

ನಾಲ್ಕನೇ ಹೆಜ್ಜೆ: ಫೋಟೋ ತೆಗೆಯುವುದು

ಇದು ತೀರಾ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಲ್ಲರೂ ಎಡವುವುದೂ ಇಲ್ಲೇ.

ಹಗಲು ಹೊತ್ತು ಕಿಟಕಿ ಪಕ್ಕ ಕೂರಿಸಿ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ, ಆದರೆ ನಿಮ್ಮ ನೆರಳು ಗಾಯದ ಮೇಲೆ ಬೀಳಬಾರದು. ಫ್ಲ್ಯಾಶ್ ಬೇಡ. ಫ್ಲ್ಯಾಶ್ ಬಿದ್ದರೆ ಒದ್ದೆ ಗಾಯ ಹೊಳೆದು ಬಿಳಿ ಕಾಣುತ್ತದೆ, ನನಗೆ ಅದು ಕೀವೋ ಬೆಳಕೋ ಗೊತ್ತಾಗಲ್ಲ. ಮುಖ ಬೆಳ್ಳಗೆ ಮಾಡುವ ಬ್ಯೂಟಿ ಮೋಡ್ ಆನ್ ಆಗಿರುತ್ತೆ, ಅದನ್ನೂ ತೆಗೆಯಿರಿ. ಒಂದು ಸಲ ಒಬ್ಬರ ಗಾಯ ಮೂರು ದಿನದಲ್ಲಿ ಮಾಯ್ದ ಹಾಗೆ ಕಂಡು ನನಗೇ ಆಶ್ಚರ್ಯವಾಗಿತ್ತು. ಕೊನೆಗೆ ನೋಡಿದರೆ ಕ್ಯಾಮೆರಾ ಚರ್ಮ ನುಣುಪು ಮಾಡಿ ಕಳಿಸಿತ್ತು.

ಎರಡು ಫೋಟೋ ಬೇಕು. ಒಂದು ದೂರದಿಂದ, ಪೂರ್ತಿ ಪಾದ ಅಥವಾ ಪೂರ್ತಿ ಹೊಟ್ಟೆ ಕಾಣುವ ಹಾಗೆ. ಇನ್ನೊಂದು ಒಂದು ಅಡಿಯಿಂದ, ನೇರ ಮೇಲಿನಿಂದ. ಪಕ್ಕದಲ್ಲಿ ಆ ಸ್ಕೇಲ್ ಇಡಿ, ಗಾಯಕ್ಕೆ ತಾಗಿಸಬೇಡಿ. ಒಂದು ಚೀಟಿಯಲ್ಲಿ ತಾರೀಖು ಬರೆದು ಇಟ್ಟರೆ ಇನ್ನೂ ಒಳ್ಳೆಯದು. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಬೆಡ್‌ಶೀಟ್. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೋ ಮಸುಕಾಗಲ್ಲ.

ಸೋಂಕಾದಾಗ ಬರುವ ಕೆಂಪು ನಮ್ಮ ಮೈಬಣ್ಣದಲ್ಲಿ ಸರಿಯಾಗಿ ಕಾಣಲ್ಲ. ಪುಸ್ತಕದ ಚಿತ್ರದಂತೆ ಕೆಂಪಗಿಲ್ಲ ಅಂತ ಸುಮ್ಮನಿರಬೇಡಿ. ಚರ್ಮ ಸುತ್ತಲಿನದಕ್ಕಿಂತ ಕಪ್ಪಾಗಿದೆಯಾ, ಬಿಗಿಯಾಗಿ ಹೊಳೆಯುತ್ತಿದೆಯಾ ನೋಡಿ. ಆಮೇಲೆ ಕೈ ತೊಳೆದು, ಗಾಯದಿಂದ ಎರಡು ಬೆರಳು ದೂರದ ಚರ್ಮಕ್ಕೆ ನಿಮ್ಮ ಕೈಯ ಹಿಂಭಾಗ ಮುಟ್ಟಿಸಿ. ತಕ್ಷಣ ಇನ್ನೊಂದು ಕಾಲಿನ ಅದೇ ಜಾಗ ಮುಟ್ಟಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಹೇಳಿ. ಇದೊಂದನ್ನು ನನ್ನ ಫೋನು ಎಂದೂ ಹೇಳಲಾರದು.

ಬಣ್ಣ ಬದಲಾದ ಜಾಗದ ಅಂಚಿಗೆ ಬಾಲ್‌ಪೆನ್‌ನಿಂದ ಒಂದು ಗೆರೆ ಎಳೆದು ಹೊತ್ತು ಬರೆಯಿರಿ. ಮೂರ್ನಾಲ್ಕು ಗಂಟೆ ಬಿಟ್ಟು ನೋಡಿ. ಬಣ್ಣ ಗೆರೆ ದಾಟಿದ್ದರೆ ಅದು ಹಬ್ಬುತ್ತಿದೆ, ಅವತ್ತೇ ಆಸ್ಪತ್ರೆಗೆ ತೋರಿಸಬೇಕು.

ಐದನೇ ಹೆಜ್ಜೆ: ವಿಡಿಯೋದಲ್ಲಿ ಡ್ರೆಸ್ಸಿಂಗ್

ಹೊಲಿದು ಮುಚ್ಚಿದ ಗಾಯಕ್ಕೆ ಮಾತ್ರ ಈ ಕ್ರಮ. ಕೀವು ತೆಗೆದು ತೆರೆದೇ ಬಿಟ್ಟ ಗಾಯಕ್ಕೆ ಗಾಜ್ ತುಂಬುವುದನ್ನು ಫೋನಿನಲ್ಲಿ ಕಲಿಯಲು ಹೋಗಬೇಡಿ, ಕಲಿತ ಕೈಯೇ ಬೇಕು. ಗಾಯದ ನೀರು ಹೀರಿ ತೆಗೆಯುವ ವ್ಯಾಕ್ ಮೆಷಿನ್ ಹಾಕಿ ಕಳಿಸಿದ್ದರೆ ಅದು ನಿಂತು ಎರಡು ಗಂಟೆ ದಾಟಲು ಬಿಡಬೇಡಿ. ಕರೆಂಟ್ ಹೋಗಿದ್ದರೂ, ಅಲಾರಂ ಹೊಡೆದರೂ ಕೂಡಲೇ ಹೇಳಿ.

ಮೊದಲು ಫೋನಿಗೆ ಜಾಗ ಮಾಡಿ. ಸ್ಟೂಲ್ ಮೇಲೆ ಸ್ಟೀಲ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ. ಕೈಯಲ್ಲಿ ಹಿಡಿದುಕೊಂಡು ಡ್ರೆಸ್ಸಿಂಗ್ ಮಾಡಲು ಆಗಲ್ಲ, ಮತ್ತೆ ಮನೆಯಲ್ಲಿ ಫೋನಿಗಿಂತ ಗಲೀಜು ವಸ್ತು ಇನ್ನೊಂದಿಲ್ಲ. ಫ್ಯಾನ್ ಆರಿಸಿ. ಬೆಕ್ಕು, ನಾಯಿ, ಮಕ್ಕಳು ಹೊರಗೆ. ಬಳೆ, ಉಂಗುರ ತೆಗೆಯಿರಿ. ಸೋಪಿನಲ್ಲಿ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ. ಉಗುರಿನ ಸಂದಿ, ಹೆಬ್ಬೆರಳು ಮರೆಯಬೇಡಿ.

ಹಳೇ ಡ್ರೆಸ್ಸಿಂಗ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಎರಡು ನಿಮಿಷ ಬಿಡಿ, ತಾನಾಗೇ ಸಡಿಲ ಆಗುತ್ತೆ. ತೆಗೆದದ್ದನ್ನು ಎಸೆಯುವ ಮುಂಚೆ ಒಳಬದಿ ನನಗೆ ತೋರಿಸಿ. ಗಾಯಕ್ಕಿಂತ ಈ ಗಾಜ್ ಜಾಸ್ತಿ ಕಥೆ ಹೇಳುತ್ತದೆ. ಮೊದಲ ಮೂರ್ನಾಲ್ಕು ದಿನ ತಿಳಿ ಗುಲಾಬಿ ಅಥವಾ ತೆಳು ಹಳದಿ ನೀರಿನ ಕಲೆ ಇದ್ದರೆ ಪರವಾಗಿಲ್ಲ. ಎಷ್ಟಿದೆ ಹೇಳಿ, ಐದು ರೂಪಾಯಿ ನಾಣ್ಯದಷ್ಟಾ, ಅಂಗೈಯಷ್ಟಾ? ದಿನ ಕಳೆದಂತೆ ಕಡಿಮೆ ಆಗಬೇಕು. ಮಂದವಾಗಿ, ಹಸಿರಾಗಿ, ಬೂದುಬಣ್ಣಕ್ಕೆ ತಿರುಗಿದ್ದರೆ ಸರಿಯಿಲ್ಲ. ಮುಖ ಸಿಂಡರಿಸದೆ ಒಮ್ಮೆ ಮೂಸಿ ನೋಡಿ. ನನ್ನ ಮೂಗು ನೀವೇ.

ಈಗ ಮತ್ತೆ ಕೈ ತೊಳೆದು ಗ್ಲೌಸ್ ಹಾಕಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ. ಹಳೇ ಗಾಜ್ ಮುಟ್ಟಿದ ಕೈಯಲ್ಲೇ ಹೊಸದನ್ನು ಮುಟ್ಟುತ್ತಾರೆ. ಗಾಜ್ ಅನ್ನು ಸಲೈನ್‌ನಲ್ಲಿ ನೆನೆಸಿ ಹೊಲಿಗೆಯ ಮೇಲೆ ಒಂದು ಸಲ ಒರೆಸಿ, ಎಸೆಯಿರಿ. ಹೊಸ ಗಾಜ್‌ನಿಂದ ಒಂದು ಪಕ್ಕ, ಇನ್ನೊಂದರಿಂದ ಇನ್ನೊಂದು ಪಕ್ಕ. ಒರೆಸಿದ್ದರಿಂದಲೇ ವಾಪಸ್ ಒರೆಸಬಾರದು. ಒಣ ಗಾಜ್ ಒತ್ತಿ ನೀರು ತೆಗೆದು, ಹೊಸ ಗಾಜ್ ಅನ್ನು ಮೂಲೆಯಲ್ಲಿ ಹಿಡಿದು ಇಡಿ. ಟೇಪನ್ನು ಬೆರಳಿನ ಸುತ್ತ, ಕಾಲಿನ ಸುತ್ತ ಬಳೆಯ ಹಾಗೆ ಸುತ್ತಬೇಡಿ. ಊತ ಬಂದರೆ ಅದೇ ರಕ್ತ ತಡೆಯುತ್ತದೆ, ಜಡ ಕಾಲಿಗೆ ಬಿಗಿ ಗೊತ್ತಾಗಲ್ಲ. ಟೇಪಿನ ಮೇಲೆ ತಾರೀಖು ಬರೆಯಿರಿ.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬರಿಸುವುದು, ಗಾಯದ ಪೌಡರ್ ಸುರಿಯುವುದು, ಅರಿಸಿನ, ಕಾಫಿಪುಡಿ, ಸುಣ್ಣ, ಬೇವಿನ ರಸ: ಯಾವುದೂ ಬೇಡ. ಅರಿಸಿನ ಒಳ್ಳೆಯದಲ್ವಾ ಅಂತ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಅಡುಗೆಮನೆ ಡಬ್ಬಿಯ ಅರಿಸಿನ ಸ್ಟೆರೈಲ್ ಅಲ್ಲ. ಅದು ಹಳದಿ ಕೆಸರಾಗಿ ಹೊಲಿಗೆಯನ್ನೂ ಮುಚ್ಚುತ್ತದೆ, ಕೀವನ್ನೂ ಮುಚ್ಚುತ್ತದೆ. ಸಾರಿಗೆ ಹಾಕಿ.

ಆರನೇ ಹೆಜ್ಜೆ: ಶುಗರ್ ಹಿಡಿತ

ಮೊದಲ ಎರಡು ವಾರ ದಿನಕ್ಕೆ ಕನಿಷ್ಠ ಎರಡು ಸಲ ನೋಡಿ, ಖಾಲಿ ಹೊಟ್ಟೆ ಮತ್ತು ಊಟವಾಗಿ ಎರಡು ಗಂಟೆಗೆ. ಇನ್ಸುಲಿನ್ ಹೊಸದಾಗಿ ಶುರುವಾಗಿದ್ದರೆ ನಾಲ್ಕು ಸಲ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಇದ್ದರೆ ಸಾಕು. ವಯಸ್ಸಾದವರಿಗೆ ಡಾಕ್ಟರ್ ಸ್ವಲ್ಪ ಸಡಿಲ ಬಿಡುತ್ತಾರೆ. 180 ದಾಟುವುದು ಎರಡು ದಿನ ಮುಂದುವರಿದರೆ ಹೇಳಿ. ಎರಡು ಸಲ ಸತತವಾಗಿ 250 ದಾಟಿದರೆ ಅವತ್ತೇ ಫೋನ್ ಮಾಡಿ.

ಬೆರಳು ಚುಚ್ಚುವ ಮುಂಚೆ ಕೈ ತೊಳೆದು ಒರೆಸಿ. ಬಾಳೆಹಣ್ಣು ಸುಲಿದ ಬೆರಳಲ್ಲೇ ಚುಚ್ಚಿ "ಸಿಸ್ಟರ್, 310!" ಅಂತ ಗಾಬರಿಯಾದವರಿದ್ದಾರೆ. ತೊಳೆದು ನೋಡಿದರೆ 165. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ.

ಈಗ ಒಂದು ದೊಡ್ಡ ಅಪಾಯದ ವಿಷಯ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಸಿಗುತ್ತದೆ, ಒಂದು ಎಂಎಲ್‌ಗೆ 40 ಯೂನಿಟ್‌ನದು, 100 ಯೂನಿಟ್‌ನದು. ಸಿರಿಂಜೂ ಎರಡು ಥರ. ಕೆಂಪು ಮುಚ್ಚಳ 40ಕ್ಕೆ, ಕಿತ್ತಳೆ ಮುಚ್ಚಳ 100ಕ್ಕೆ. ಅಂಗಡಿಯವರು ಅದಲು ಬದಲು ಕೊಟ್ಟರೆ ಏನಾಗುತ್ತೆ? 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಆದ್ದರಿಂದ ಹೊಸ ಬಾಟಲಿ ಅಥವಾ ಹೊಸ ಸಿರಿಂಜ್ ತಂದ ದಿನ ಎರಡನ್ನೂ ವಿಡಿಯೋದಲ್ಲಿ ತೋರಿಸಿ. ನಾಚಿಕೆ ಬೇಡ, ನಾನೇ ಎರಡು ಸಲ ಓದಿಕೊಳ್ಳುತ್ತೇನೆ. ಹೊಟ್ಟೆ ಆಪರೇಷನ್ ಆಗಿದ್ದರೆ ಹೊಲಿಗೆ ಹತ್ತಿರ ಚುಚ್ಚಬೇಡಿ, ತೊಡೆಗೆ ಹಾಕಬಹುದಾ ಅಂತ ಕೇಳಿ.

ಶುಗರ್ 70ಕ್ಕಿಂತ ಕೆಳಗೆ ಬಂದರೆ, ಅಥವಾ ಬೆವರು, ನಡುಕ, ತಡವರಿಸುವ ಮಾತು ಕಂಡರೆ, ಮೊದಲು ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಆಮೇಲೆ ನನಗೆ ಫೋನ್. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಏರದಿದ್ದರೆ ಮತ್ತೊಮ್ಮೆ ಕೊಡಿ. ಏರಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ಇನ್ಸುಲಿನ್ ಎಷ್ಟು ಏರಿಸಲಿ ಅಂತ ನನ್ನನ್ನು ಕೇಳುತ್ತೀರಿ. ಆ ತೀರ್ಮಾನ ನನ್ನದಲ್ಲ. ಮಾರ್ಚ್ 2020ರಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರವೂ ಫೋನಿನಲ್ಲಿ ಔಷಧಿ ಬರೆಯುವುದು ನೋಂದಾಯಿತ ಡಾಕ್ಟರ್ ಕೆಲಸ. ನಾನು ನಿಮ್ಮ ಅಂಕಿಗಳನ್ನು ಅವರ ಮುಂದೆ ಇಟ್ಟು ಉತ್ತರ ತರುತ್ತೇನೆ. ಅದಕ್ಕೇ ಪುಸ್ತಕ ಸರಿಯಾಗಿರಬೇಕು.

ಏಳನೇ ಹೆಜ್ಜೆ: ಊಟ, ನಂಜಿನ ಗಲಾಟೆ

ಆಪರೇಷನ್ ಆದ ಕೂಡಲೇ ಮನೆಯಲ್ಲಿ ನಂಜಿನ ಪಟ್ಟಿ ಶುರುವಾಗುತ್ತದೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಬೇಳೆ ತಿಂದರೆ ಕೀವು, ಮೀನು ಬೇಡವೇ ಬೇಡ. ಕೊನೆಗೆ ಉಳಿಯುವುದು ಗಂಜಿ, ಬ್ರೆಡ್ಡು, ಬಿಸ್ಕತ್ತು. ನೋಡಲು ಬಂದವರು ತಂದ ಹಣ್ಣು ಬೇರೆ. ಪರಿಣಾಮ ಏನು? ಗಾಯ ಕೂಡಲು ಬೇಕಾದ ಪ್ರೋಟೀನ್ ಇಲ್ಲ, ಶುಗರ್ ಮಾತ್ರ ಮೇಲೆ. ಈ ಪಟ್ಟಿಯಿಂದ ಹಾಳಾದ ಗಾಯ ನಾನು ಸಾಕಷ್ಟು ನೋಡಿದ್ದೇನೆ. ಬದನೆಕಾಯಿಯಿಂದ ಹಾಳಾದದ್ದನ್ನು ಇನ್ನೂ ನೋಡಿಲ್ಲ.

ಗಾಯ ಮಾಯುವಾಗ ಮೈ ತೂಕದ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. 60 ಕೆಜಿ ಇದ್ದರೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಅಂದರೆ ಬರೀ ತಿಳಿಸಾರು ಅನ್ನದಲ್ಲಿ ಲೆಕ್ಕ ಹತ್ತಿರವೂ ಬರಲ್ಲ. ಬೆಳಿಗ್ಗೆ ಎರಡು ಮೊಟ್ಟೆ ಅಥವಾ ಹೆಸರುಬೇಳೆ ದೋಸೆ, ಮಧ್ಯಾಹ್ನ ಗಟ್ಟಿ ಬೇಳೆ, ಸಂಜೆ ಮೊಳಕೆ ಕಾಳಿನ ಉಸಲಿ, ರಾತ್ರಿ ಕೋಳಿಯೋ ಪನೀರೋ, ನಡುವೆ ಮೊಸರು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಅಳತೆ ಬೇರೆ, ಡಾಕ್ಟರ್‌ನ ಕೇಳಿ. ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಮುದ್ದೆ ಸರಿ, ಮೂರು ಮುದ್ದೆಯಾದರೆ ಏರೇ ಏರುತ್ತದೆ. ಎಳನೀರಿನಲ್ಲೂ ಸಕ್ಕರೆ ಇದೆ.

ಬೀಡಿ, ಸಿಗರೇಟು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ನಿಲ್ಲಿಸಿ. ನಿಕೋಟಿನ್ ರಕ್ತನಾಳ ಬಿಗಿಯುತ್ತದೆ.

ಎಂಟನೇ ಹೆಜ್ಜೆ: ಮಲಗಿದ್ದವರ ಹಿಮ್ಮಡಿ ನೋಡಿ

ಎಲ್ಲರ ಕಣ್ಣು ಹೊಲಿಗೆ ಮೇಲೆ. ಅತ್ತ ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಗುಳ್ಳೆ ಎದ್ದಿರುತ್ತದೆ. ಶಿರಾ ಕಡೆಯ ಒಬ್ಬ ಅಜ್ಜಿಗೆ ಕಾಲ್ಬೆರಳಿನ ಗಾಯ ಚೆನ್ನಾಗಿ ಮಾಯುತ್ತಿತ್ತು. ಒಂದು ದಿನ ಫೋನ್ ಸ್ವಲ್ಪ ಓರೆಯಾಗಿ ಇನ್ನೊಂದು ಕಾಲಿನ ಹಿಮ್ಮಡಿ ಕಂಡಿತು. ನೇರಳೆ ಬಣ್ಣದ ಗುಳ್ಳೆ. ಅಜ್ಜಿಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ನನ್ನ ಪ್ರತಿ ವಿಡಿಯೋ ಎರಡೂ ಹಿಮ್ಮಡಿಯಿಂದಲೇ ಶುರು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ.

ಪಾದದ ಆಪರೇಷನ್ ಆಗಿದ್ದರೆ ಡಾಕ್ಟರ್ ಹೇಳುವವರೆಗೆ ಆ ಕಾಲು ಊರಬೇಡಿ. "ಬಚ್ಚಲಿಗೆ ಅಷ್ಟೇ ತಾನೇ" ಅಂತ ದಿನಕ್ಕೆ ಎಂಟು ಸಲ ಊರಿದರೆ ಹೊಲಿಗೆ ನಿಲ್ಲಲ್ಲ. ಹೊಟ್ಟೆಯ ಆಪರೇಷನ್ ಆದವರು ಕೆಮ್ಮುವಾಗ, ಏಳುವಾಗ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಿರಿ.

ನನಗೆ ಫೋನ್ ಮಾಡದೆ ನೇರ ಆಸ್ಪತ್ರೆಗೆ ಹೋಗಬೇಕಾದದ್ದು

- ಹೊಲಿಗೆ ಬಿಟ್ಟು ಗಾಯ ತೆರೆದುಕೊಂಡಿದೆ. ಹೊಟ್ಟೆಯ ಗಾಯದಿಂದ ಇದ್ದಕ್ಕಿದ್ದಂತೆ ಗುಲಾಬಿ ನೀರು ಧಾರಾಳವಾಗಿ ಸುರಿದರೂ ಇದೇ ಲೆಕ್ಕ. ಒಳಗಿನ ಹೊಲಿಗೆ ಬಿಟ್ಟಿರಬಹುದು. ಕರುಳು ಕಂಡರೆ ಒಳಗೆ ತಳ್ಳಬೇಡಿ. ಸಲೈನ್‌ನಲ್ಲಿ ನೆನೆಸಿದ ಸ್ವಚ್ಛ ಬಟ್ಟೆ ಮುಚ್ಚಿ, ಮಂಡಿ ಮಡಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.
- ಗಾಯದ ಸುತ್ತ ಚರ್ಮ ಕಪ್ಪಾಗುತ್ತಿದೆ, ನೀರುಗುಳ್ಳೆ ಏಳುತ್ತಿದೆ, ಒತ್ತಿದರೆ ಚರಚರ ಅನ್ನುತ್ತದೆ, ಅಥವಾ ಕಾಣುವುದಕ್ಕಿಂತ ನೋವು ವಿಪರೀತ ಇದೆ. ಇದು ಗಂಟೆಗಳಲ್ಲಿ ಹಬ್ಬುವ ಸೋಂಕಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ.
- 100.4 ದಾಟಿದ ಜ್ವರ, ಚಳಿ ನಡುಕ, ಗೊಂದಲದ ಮಾತು.
- ಶುಗರ್ 300 ದಾಟಿದೆ, ಅಥವಾ ಎಷ್ಟೇ ಇದ್ದರೂ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಇದೆ.
- ಒತ್ತಿ ಹಿಡಿದರೂ ನಿಲ್ಲದ ರಕ್ತ.
- ಪಾದ ತಣ್ಣಗಾಗಿ ಬಿಳುಚಿದೆ, ಒಂದೇ ಮೀನಖಂಡ ಊದಿದೆ, ಎದೆನೋವು, ಉಸಿರಾಟದ ತೊಂದರೆ.

ನೆಟ್‌ವರ್ಕ್ ಇಲ್ಲದ ಊರಲ್ಲಿ

ವಿಡಿಯೋ ಬರದಿದ್ದರೆ ಬೇಜಾರಿಲ್ಲ. ಫೋಟೋ ತೆಗೆದಿಟ್ಟುಕೊಂಡು ಸಿಗ್ನಲ್ ಸಿಗುವ ಜಾಗದಲ್ಲಿ ಕಳಿಸಿ, ಮಾತಿಗೆ ಸಾದಾ ಕರೆ ಸಾಕು. ಸ್ಮಾರ್ಟ್‌ಫೋನ್ ಇಲ್ಲದವರು ಮೇಲೆ ಬರೆದ ಮೆಸೇಜನ್ನೇ ಬಾಯಲ್ಲಿ ಓದಿ ಹೇಳಿದರೂ ಅರ್ಧ ಕೆಲಸ ಆಯಿತು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ, ಅಂದರೆ ಹಳೇ ಸಬ್ ಸೆಂಟರಿನ, ಆರೋಗ್ಯ ಅಧಿಕಾರಿಗೆ ಡಿಸ್ಚಾರ್ಜ್ ಹಾಳೆ ತೋರಿಸಿಡಿ. ಅವರು ಸರ್ಕಾರದ ಇ-ಸಂಜೀವನಿಯಲ್ಲಿ ಪುಕ್ಕಟೆಯಾಗಿ ಡಾಕ್ಟರ್ ಜೊತೆ ಮಾತಾಡಿಸಬಲ್ಲರು. ಆಶಾ ಅಕ್ಕನಿಗೂ ಒಂದು ಮಾತು ಹೇಳಿಡಿ, ಕಷ್ಟಕಾಲಕ್ಕೆ ಮೊದಲು ಬರುವವರು ಅವರೇ.

ಹೊಲಿಗೆ ತೆಗೆದ ಮೇಲೆ

ಹೊಲಿಗೆ ತೆಗೆದ ದಿನ ಎಲ್ಲರೂ "ಮುಗೀತಲ್ವಾ ಸಿಸ್ಟರ್" ಅಂತಾರೆ. ಮುಗಿದಿಲ್ಲ. ಮೂರನೇ ವಾರದಲ್ಲಿ ಗಾಯದ ಗಟ್ಟಿತನ ಮೂಲ ಚರ್ಮದ ಐದನೇ ಒಂದು ಭಾಗದಷ್ಟೇ ಇರುತ್ತದೆ. ಬಿಂದಿಗೆ ಎತ್ತುವುದು, ಸಿಲಿಂಡರ್ ಸರಿಸುವುದು ಬೇಡ. ಆಪರೇಷನ್ ಗಾಯಕ್ಕೆ ಸೋಂಕು ಬರುತ್ತಾ ಅಂತ ನಾವು 30 ದಿನದವರೆಗೆ ಕಣ್ಣಿಡುತ್ತೇವೆ. ಕೃತಕ ಮಂಡಿ ಚಿಪ್ಪು, ರಾಡು, ಮೆಶ್ (ಹರ್ನಿಯಾಕ್ಕೆ ಹಾಕುವ ಬಲೆ) ಏನಾದರೂ ಒಳಗೆ ಇಟ್ಟಿದ್ದರೆ 90 ದಿನ. ಅಲ್ಲಿವರೆಗೆ ವಾರಕ್ಕೊಂದು ಫೋಟೋ ಸಾಕು, ಅದೇ ಕಿಟಕಿ, ಅದೇ ಸ್ಕೇಲ್.

ಮೂರು ತಿಂಗಳಿಗೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ಮಾಡಿಸುವಾಗ, ಆಪರೇಷನ್ ಹೊತ್ತಲ್ಲಿ ರಕ್ತ ಏರಿಸಿದ್ದರೆ ಡಾಕ್ಟರ್‌ಗೆ ನೆನಪಿಸಿ. ಬೇರೆಯವರ ರಕ್ತ ಸೇರಿರುವಾಗ ಆ ಅಂಕಿ ತಪ್ಪು ತೋರಿಸಬಹುದು. ಆಗ ನಿಮ್ಮ ನೋಟ್‌ಬುಕ್ಕೇ ಲ್ಯಾಬ್ ರಿಪೋರ್ಟಿಗಿಂತ ನಂಬಿಕೆಯದ್ದು. ಹೋಗುವಾಗ ಅದನ್ನು ಕೈಚೀಲಕ್ಕೆ ಹಾಕಿಕೊಳ್ಳಿ.